ಆಕಾಶದ ಕಬ್ಬಿಣದ ದನಿ

ಶುಕ್ರವಾರ ಬೆಳಿಗ್ಗೆ ಐದಕ್ಕೆ ಸ್ಯಾನ್ ಹೋಸೆಯಿಂದ ಹೊರಟೆವು. ನಾನು, ಹೆಂಡತಿ ಸರೋಜ, ಹಳೇ ಕಾರು, ಒಂದು ಡಬ್ಬಿ ಪುಳಿಯೋಗರೆ. ಅರಿಜೋನದ ಮರುಭೂಮಿಯಲ್ಲಿ ಉಲ್ಕೆ ಬಿದ್ದು ಆದ ಗುಂಡಿ ಅಲ್ಲಿಂದ ಸುಮಾರು ಏಳುನೂರೈವತ್ತು ಮೈಲಿ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಅಪ್ಪನ ಕುಲುಮೆಯಲ್ಲಿ ಕೂತವನು ನಾನು. ಇಲ್ಲಿ ವೆಲ್ಡಿಂಗ್ ಶಾಪಿನಲ್ಲಿ ನಾನು ಹಾಕಿದ ಬೆಸುಗೆಯನ್ನು ಯಾರೂ ಎರಡನೇ ಸಲ ಪರೀಕ್ಷೆ ಮಾಡುವುದಿಲ್ಲ. ಅಪ್ಪ ಹಾಸನದಿಂದ ಕಾಗದ ಬರೆಸಿದ್ದರು: "ಆಕಾಶದಿಂದ ಬಿದ್ದ ಕಬ್ಬಿಣ ಅಲ್ಲಿದೆಯಂತೆ. ನನ್ನ ಕಿವಿ ಹೋಯ್ತು. ನೀನು ಹೊಡೆದು ನೋಡಿ ಅದರ ದನಿ ಹೇಗಿದೆ ಬರಿ." ತಿಳಿಯದೆ ವಾಪಸು ಬರುವುದಿಲ್ಲ ಎಂದು ಸುತ್ತಿಗೆ ಇಟ್ಟುಕೊಂಡಿದ್ದೆ.

"ಇದಕ್ಕೆ ಎರಡು ದಿನ ರಜ ಹಾಕಿದ್ದೀರಿ. ನಿಮ್ಮ ಶಾಪಲ್ಲಿ ಕಬ್ಬಿಣಕ್ಕೆ ಬರಗಾಲವೇನ್ರೀ?" ಎಂದಳು ಸರೋಜ.

ಬೇಕರ್ಸ್‌ಫೀಲ್ಡ್ ದಾಟಿದ ಮೇಲೆ ಬರೀ ಬಿಸಿಲು. ನೀಡಲ್ಸ್ ಊರಿನಲ್ಲಿ ಕಾರಿನ ಬಾಗಿಲು ಮುಟ್ಟಲಾಗಲಿಲ್ಲ. ರಾತ್ರಿ ಕಿಂಗ್‌ಮನ್‌ನಲ್ಲಿ ಉಳಿದುಕೊಂಡು, ಶನಿವಾರ ಮಧ್ಯಾಹ್ನ ಗುಂಡಿಯ ಅಂಚಿಗೆ ಬಂದು ನಿಂತೆವು. ಅಗಲ ಮುಕ್ಕಾಲು ಮೈಲಿ. ಅಂಚಿನ ಬಂಡೆಗಳು ನಾದಿದ ಹಿಟ್ಟಿನ ಹಾಗೆ ಮಡಚಿಕೊಂಡಿದ್ದವು. ಏಟು ಎಂದರೆ ಅದು.

ಅಲ್ಲೇ ಇದ್ದ ಮ್ಯೂಸಿಯಮ್ಮಿನಲ್ಲಿ ಮಲಗಿದ ಕರುವಿನಷ್ಟು ಕಬ್ಬಿಣದ ಮುದ್ದೆ ಇತ್ತು. ನಾನು ಸುತ್ತಿಗೆ ತೆಗೆದೆ. ಕಾವಲಿನ ಮುದುಕ ಅಡ್ಡ ಬಂದ.

"ಮುಟ್ಟಬಹುದು, ಹೊಡೆಯೋ ಹಾಗಿಲ್ಲ."

"ನಾನು ಕಮ್ಮಾರ. ಒಂದೇ ಏಟು."

"ಪ್ರೆಸಿಡೆಂಟ್ ಬಂದರೂ ಸುತ್ತಿಗೆ ಹೊರಗೇ."

ಬೆರಳ ಗೆಣ್ಣಿನಿಂದ ತಟ್ಟಿದೆ. ಗೋಡೆ ತಟ್ಟಿದ ಹಾಗಾಯಿತು.

"ಸರಿ, ಇದನ್ನೇ ಬರೀರಿ," ಎಂದಳು ಸರೋಜ.

"ಬರೆಯಲ್ಲ. ನೆಲಕ್ಕೆ ಕೂತ ಕಬ್ಬಿಣ ಹೇಗೆ ಮಾತಾಡೀತು? ತೂಗುಹಾಕಬೇಕು."

ಮ್ಯೂಸಿಯಮ್ಮಿನ ಅಂಗಡಿಯಲ್ಲಿ ಉಲ್ಕೆಯ ಚೂರುಗಳನ್ನು ಮಾರುತ್ತಿದ್ದರು. ಒಂದು ದಿನದ ಕೂಲಿ ಕೊಟ್ಟು ಹೆಬ್ಬೆರಳಿನಷ್ಟು ದಪ್ಪದ್ದನ್ನು ಕೊಂಡೆ. ಸರೋಜ ಸೂಜಿ ಡಬ್ಬಿಯಿಂದ ದಾರ ಕೊಟ್ಟಳು. ಹೊರಗೆ ತೂಗುಹಾಕಿ ಚಮಚದಿಂದ ಹೊಡೆದೆ. ದನಿ ಗಾಳಿಗೆ ಹೋಯಿತು. ಸೆರಗು ಅಡ್ಡ ಹಿಡಿದಳು, ಆಗಲೂ ಕೇಳಲಿಲ್ಲ. ಆಗ ಚಮಚವನ್ನು ಅವಳ ಕೈಗೆ ಕೊಟ್ಟು, ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ, ಗಾಳಿಯ ಸದ್ದು ಬೇಡವೆಂದು ಎರಡೂ ಕಿವಿಗೆ ಬೆರಳಿಟ್ಟು, ಹೊಡಿ ಎಂದು ಕಣ್ಣಲ್ಲೇ ಹೇಳಿದೆ.

ತಲೆಯೊಳಗೆ ಗಂಟೆ ಬಾರಿಸಿದ ಹಾಗಾಯಿತು. ಸಣ್ಣಗೆ ಶುರುವಾಗಿ ದವಡೆಯಲ್ಲಿ ಬಹಳ ಹೊತ್ತು ನಿಂತಿತು. ಕಿವಿ ಮುಚ್ಚಿಯೇ ಇತ್ತು.

ಸರೋಜಳೂ ಕಚ್ಚಿ ನೋಡಿದಳು. ಆಮೇಲೆ ತಮಾಷೆ ಮಾಡಲಿಲ್ಲ.

"ಏನಂತ ಬರೀತೀರಿ?"

"ಬರೆಯೋದೇನು, ದಾರದ ಸಮೇತ ಕಳಿಸ್ತೀನಿ."

ಹೊರಟಾಗ ಕಾರಿನ ಕನ್ನಡಿಯಲ್ಲಿ ಗುಂಡಿಯ ಅಂಚು ಬರೀ ಒಂದು ದಿಬ್ಬವಾಗಿ ಕಂಡಿತು. ಚೂರನ್ನು ಸೆರಗಿಗೆ ಗಂಟು ಹಾಕಿಕೊಂಡ ಸರೋಜ ಕೇಳಿದಳು.

"ಮಾವನಿಗೆ ಹಲ್ಲು ಉಳಿದಿವೆಯಾ?"

"ಎರಡಿವೆ," ಎಂದೆ. "ಮೇಲೊಂದು, ಕೆಳಗೊಂದು. ದಾರ ಕಚ್ಚೋಕೆ ಸಾಕು."