ರೇಡಿಯೋ ವೈರಿಗೆ ಬಿಟ್ಟ ಸಡಿಲ

ನನ್ನ ಪಿಕಪ್ಪಿನ ಹಿಂಬದಿಯಲ್ಲಿ ಸದಾ ಒಂದು ಹಗ್ಗ ಸುತ್ತಿಕೊಂಡು ಮಲಗಿರುತ್ತದೆ. ಅದರಲ್ಲಿ ಶುಂಠಿ ಮೂಟೆಗಳನ್ನು ಬಿಗಿದು ಬೆರಳಿನಿಂದ ಮೀಟಿದರೆ ತಂಬೂರಿಯ ಹಾಗೆ ನಾದ ಬರಬೇಕು. ಆಗಲೇ ನನಗೆ ನೆಮ್ಮದಿ. ಬಿಗಿಯಾಗಿದ್ದರೆ ಭದ್ರ ಎಂದು ನಂಬಿಯೇ ತಲೆ ನರೆಸಿಕೊಂಡವನು ನಾನು ಮಾರಾಯ್ರೇ. ನೀವೂ ಹಾಗೇ ನಂಬಿದವರಿರಬಹುದು.

ಹಾಗಿರುವಾಗ ನಮ್ಮೂರು ಬಾಳೆಲೆಯ ಹೈಸ್ಕೂಲು ಹುಡುಗಿಯರು ತಾವು ಕಟ್ಟಿದ ರೋಬೋಟನ್ನು ಪಂದ್ಯಕ್ಕೆಂದು ಕುಶಾಲನಗರದ ಕಲ್ಯಾಣ ಮಂಟಪಕ್ಕೆ ಸಾಗಿಸಲು ನನ್ನನ್ನು ಕೇಳಿದರು. ಅದನ್ನು ದೂರದಿಂದ ನಡೆಸುವವಳು ಶಾಲಿನಿ, ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಕಟ್ಟುವ ಲಕ್ಷ್ಮಕ್ಕನ ಮಗಳು. ಅವಳ ಅಪ್ಪಣೆ ಯಂತ್ರಕ್ಕೆ ಮುಟ್ಟುವುದು ಸಾಬೂನು ಡಬ್ಬಿಯಷ್ಟಿರುವ ಒಂದು ರೇಡಿಯೋ ಮೂಲಕ. ಅದಕ್ಕೆ ಅರೆಕ್ಷಣ ಕರೆಂಟು ತಪ್ಪಿದರೂ ಮತ್ತೆ ಎಚ್ಚರಾಗಲು ಒಂದು ನಿಮಿಷ ಬೇಕು. ಚೆಂಡುಗಳನ್ನು ಬುಟ್ಟಿಗೆ ಹಾಕುವ ಆ ಪಂದ್ಯವೋ ಎರಡೂವರೆ ನಿಮಿಷದ್ದು. ದಾರಿಯ ಕುಲುಕಾಟಕ್ಕೆ ರೇಡಿಯೋಗೆ ಕರೆಂಟು ಕೊಡುವ ವೈರು ಅಲ್ಲಾಡದಿರಲೆಂದು ನಾನೇ, ಉಪಕಾರಕ್ಕೆ, ಅದನ್ನು ಎಳೆದು ಮೀಟಿ ಕಟ್ಟಿಬಿಟ್ಟೆ.

ಮೊದಲ ಪಂದ್ಯದಲ್ಲಿ ಎದುರಾಳಿ ರೋಬೋಟಿನ ಒಂದೇ ಗುದ್ದಿಗೆ ಆ ವೈರಿನ ಪ್ಲಗ್ಗು ಕಳಚಿ ರೇಡಿಯೋದ ಹಸಿರು ದೀಪ ಆರಿತು. ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ನಮ್ಮ ರೋಬೋಟು ನಟ್ಟನಡುವೆ ನಿಂತೇ ಬಿಟ್ಟಿತು. ಇನ್ನೊಂದು ಪಂದ್ಯ ಸೋತರೆ ಮನೆಗೇ ದಾರಿ.

ಮಗಳ ಪಂದ್ಯ ನೋಡಲು ನಮ್ಮ ಜೊತೆಗೇ ಬಂದಿದ್ದ ಲಕ್ಷ್ಮಕ್ಕ ಬಗ್ಗಿ ವೈರನ್ನು ನೋಡಿದಳು. “ಇದನ್ನ ಕಟ್ಟಿದ್ದು ಯಾರು?”

ಶಾಲಿನಿ ನನ್ನತ್ತ ನೋಡಿ ತುಟಿ ಕಚ್ಚಿಕೊಂಡಳು.

“ಏನಣ್ಣಾ, ಇದೇನು ಶುಂಠಿ ಮೂಟೆಯಾ? ಬಳ್ಳೀನ ನಾನು ಹೀಗೆ ಕಟ್ಟಿದ್ರೆ ನೀವೇ ನನ್ನನ್ನ ತೋಟದಿಂದ ಓಡಿಸ್ತಿದ್ರಿ!”

ಹುಡುಗಿಯರು ಗೊಳ್ಳೆಂದರು. “ಸಡಿಲ ಬಿಟ್ರೆ ಜೋತು ಬೀಳಲ್ವಾ ಅಕ್ಕಾ?” ಎಂದೆ, ಸೋಲೊಪ್ಪದೆ.

“ಜೋಲಬಾರದು. ಉಸಿರಾಡಬೇಕು.”

ಪ್ಲಗ್ಗನ್ನು ಒಳಕ್ಕೊತ್ತಿ, ಅದರ ಪಕ್ಕದಲ್ಲೇ ವೈರಿನ ಕುತ್ತಿಗೆಯನ್ನು ಡಬ್ಬಿಗೆ ಸೇರಿಸಿ ಕಟ್ಟಿ, ಮುಂದೆ ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟು, ಆಮೇಲೆ ರೋಬೋಟಿನ ಮೈಗೆ ಇನ್ನೊಂದು ಗಂಟು ಹಾಕಿದಳು. ಯಾರು ಎಷ್ಟೇ ಎಳೆದರೂ ಪೆಟ್ಟು ಗಂಟಿಗೆ, ಪ್ಲಗ್ಗಿಗಲ್ಲ. ಮೆಣಸಿನ ಬಳ್ಳಿ ಹಬ್ಬುವ ಮರ ಗಾಳಿಗೆ ತೂಗುತ್ತದೆ, ವರ್ಷವರ್ಷ ದಪ್ಪವಾಗುತ್ತದೆ, ಬಳ್ಳಿ ಅದಕ್ಕೆಲ್ಲ ಒಗ್ಗಿಕೊಳ್ಳಬೇಕಲ್ಲ! ನನ್ನದೇ ತೋಟದಲ್ಲಿ ಅಷ್ಟು ಬಳ್ಳಿಗಳಿಗೆ ಅವಳು ಬಿಟ್ಟುಕೊಟ್ಟ ಆ ಜಾಗವನ್ನು ಕೈಕೆಲಸವೆಂದಷ್ಟೇ ಕಂಡಿದ್ದ ನನಗೆ, ಅದೊಂದು ವಿದ್ಯೆಯೆಂದು ಹೊಳೆಯಲು ರೋಬೋಟೇ ಬರಬೇಕಾಯಿತು.

ಎರಡನೆಯ ಪಂದ್ಯದಲ್ಲಿ ಗುದ್ದು ಮೊದಲಿನದಕ್ಕಿಂತ ಜೋರಾಗಿಯೇ ಬಿತ್ತು. ರೋಬೋಟು ಒಂದು ಚಕ್ರದ ಮೇಲೆ ಎದ್ದು, ಓಲಾಡಿ, ದಡಕ್ಕನೆ ಕೂತಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅದು ತಿರುಗಿ ಓಡುತ್ತಿತ್ತು. ಸೀಟಿ ಊದುವ ಮುಂಚೆ ಕೊನೆಯ ಚೆಂಡನ್ನೂ ಬುಟ್ಟಿಗೆ ಹಾಕಿತು.

“ಗೆದ್ದದ್ದಾ ಅಣ್ಣಾ?” ಲಕ್ಷ್ಮಕ್ಕ ನನ್ನ ತೋಳು ಜಗ್ಗಿದಳು. ನಾನು ಹೌದೆಂದು ಜೋರಾಗಿ ತಲೆಯಾಡಿಸಿದೆ. ಶಾಲಿನಿ ಪಂದ್ಯದ ಅಂಕಣದ ಬೇಲಿ ಹಾರಿ, ಚಪ್ಪಾಳೆಗೂ ಕಾಯದೆ, ನೇರ ರೋಬೋಟಿನ ಬಳಿ ಮಂಡಿಯೂರಿ ಪ್ಲಗ್ಗನ್ನು ಮುಟ್ಟಿ ನೋಡಿದಳು. ಮರುಕ್ಷಣ ಇಡೀ ಮಂಟಪಕ್ಕೆ ಕೇಳುವಂತೆ ಕೂಗಿದಳು:

“ಅವ್ವಾ, ಅಲ್ಲೇ ಉಂಟು!”