ಕಿವಿ ಕೇಳದವನಿಗಾಗಿ ಕೂಗಿದವಳು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮುಚ್ಚಿದ ಅಂಗಡಿಗಳ ಮುಂದೆ ಮಲಗಿರುವವರ ನಡುವೆ ಕಸ ಗುಡಿಸುವ ಹೆಂಗಸೊಬ್ಬರು ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಗ್ಗಿ ಬಗ್ಗಿ ನಡೆಯುತ್ತಿದ್ದಾರೆ. ಗುಡಿಸುವುದು ಆಮೇಲೆ, ಮೊದಲು ಎಬ್ಬಿಸಬೇಕು. "ಏಳಪ್ಪ, ಪೊಲೀಸ್ ಜೀಪು ಬರೋ ಹೊತ್ತಾಯ್ತು. ಅಜ್ಜಿ, ಗಂಟು ಕಟ್ಕೊಳ್ಳಿ. ಏ ರಾಜಕುಮಾರ, ನಿನಗೆ ಬೇರೆ ಹೇಳ್ಬೇಕಾ?" ರಾಜಕುಮಾರ ಎಂದರೆ ಹಲ್ಲುದುರಿದ ಒಬ್ಬ ಮೂಟೆ ಹೊರುವವನು. ಮುಸುಕೆಳೆದು ಮಗ್ಗುಲು ಬದಲಿಸುತ್ತಾನೆ. "ಕಟ್ಟಿಕೊಂಡ ಗಂಡನ್ನೂ ಇಷ್ಟು ನಯವಾಗಿ ಎಬ್ಬಿಸಿಲ್ಲ ನಾನು" ಎಂದು ಅವರು ನನ್ನ ಕಡೆ ನೋಡಿ ನಗುತ್ತಾರೆ. ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಬೀದಿಗೆಲ್ಲ ಅವರು ದೊಡ್ಡಕ್ಕ. ವಯಸ್ಸು ಐವತ್ತು ದಾಟಿದೆ. ಮದುವೆಯಾದ ಹೊಸದರಲ್ಲಿ ಅತ್ತೆಯ ಕೈಯಿಂದ ಇಸಿದುಕೊಂಡ ಪೊರಕೆಯನ್ನು ಇನ್ನೂ ಕೆಳಗಿಟ್ಟಿಲ್ಲ. ದಿನಕ್ಕೆ ಮೂರು ಬೀದಿ, ಏಳೆಂಟು ಗಾಡಿ ಕಸ. ಮಂಡಿ ಸವೆದಿದೆ, ಸೊಂಟ ಹಿಡಿದುಕೊಳ್ಳುತ್ತದೆ. ಮಲಗಿದವರನ್ನು ಎಬ್ಬಿಸಿ ಎಂದು ಅವರಿಗೆ ಯಾರೂ ಹೇಳಿಲ್ಲ. ಐದು ವರ್ಷಗಳ ಹಿಂದೆ ಇದೇ ಬೀದಿಯಲ್ಲಿ ಕಂಡದ್ದು ಅವರನ್ನು ಈ ಕೆಲಸಕ್ಕೆ ಹಚ್ಚಿದೆ.

ಅವತ್ತು ಯಾರೋ ದೊಡ್ಡವರು ಈ ದಾರಿಯಲ್ಲಿ ಹಾದುಹೋಗುವವರಿದ್ದರು. ಬೀದಿ ಖಾಲಿ ಮಾಡಿಸಲು ನಸುಕಿನಲ್ಲೇ ಪೊಲೀಸರು ಬಂದರು. ಗದರಿದ್ದೇ ತಡ, ಮಲಗಿದ್ದವರು ಗಂಟುಮೂಟೆ ಬಾಚಿಕೊಂಡು ಓಡಿದರು. ಒಬ್ಬ ಮಾತ್ರ ಏಳಲಿಲ್ಲ. ಅವನು ಮೂಲೆಯಲ್ಲಿ ಕೂತು ಚಪ್ಪಲಿ ಹೊಲಿಯುವವನು, ಹುಟ್ಟು ಕಿವುಡ. ಹಗಲೆಲ್ಲ ಹೊಲಿದು, ಅಲ್ಲೇ ಚೀಲ ಹಾಸಿಕೊಂಡು ಮಲಗುತ್ತಿದ್ದ. ವಾರಕ್ಕೊಮ್ಮೆ ಹೆಂಡತಿ ಮಕ್ಕಳ ಬಳಿ ಹೋಗಿ ಬರುತ್ತಿದ್ದ. ಬೇಕೆಂದೇ ಮಲಗಿದ್ದಾನೆಂದು ಪೇದೆಯೊಬ್ಬ ಲಾಠಿ ಬೀಸಿದ. ನಿದ್ದೆಗಣ್ಣಿನಲ್ಲಿ ಬೆಚ್ಚಿಬಿದ್ದವನು ತಲೆಗೆ ಕೈ ಅಡ್ಡ ಹಿಡಿದ.

"ಸಾರ್, ಅವನಿಗೆ ಕಿವಿ ಕೇಳ್ಸಲ್ಲ ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ಪೇದೆ ನಿಂತ. ತಿರುಗಿ ನನ್ನ ಮುಖ ನೋಡಿದ. ಸದ್ಯ, ಬಿಟ್ಟ ಅಂದ್ಕೊಂಡೆ. ಮತ್ತೆ ಎತ್ತಿದ" ಎನ್ನುತ್ತಾರೆ ದೊಡ್ಡಕ್ಕ. ಮುಂದಿನ ಮಾತಿಗೆ ಮೊದಲು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಚಪ್ಪಲಿ ಹೊಲಿಯುವವನ ಬಲಗೈ ಎರಡು ಕಡೆ ಮುರಿದಿತ್ತು. ಆಟೋದವರು ಯಾರೂ ಹತ್ತಿರ ಬರಲಿಲ್ಲ. ದೊಡ್ಡಕ್ಕನೇ ಕಸದ ಗಾಡಿ ಖಾಲಿ ಮಾಡಿ, ಅದರಲ್ಲೇ ಅವನನ್ನು ಕೂರಿಸಿಕೊಂಡು ಆಸ್ಪತ್ರೆಗೆ ತಳ್ಳಿಕೊಂಡು ಹೋದರು.

ಪತ್ರಿಕೆಯಲ್ಲಿ ಮೂಲೆಯಲ್ಲೆಲ್ಲೋ ಸುದ್ದಿ ಬಂದು ವಿಚಾರಣೆ ಶುರುವಾಯಿತು. 'ಕಿವುಡ ಅಂತ ನನಗೆ ಗೊತ್ತಿರಲಿಲ್ಲ' ಎಂದ ಪೇದೆ. ಗೊತ್ತಿತ್ತು ಎಂದು ಹೇಳಬಲ್ಲವರು ಇಬ್ಬರೇ. ದೊಡ್ಡಕ್ಕನ ಜೊತೆ ಗುಡಿಸುತ್ತಿದ್ದ ಇನ್ನೊಬ್ಬಳು ಅವತ್ತು ತಾನು ಬೇರೆ ಬೀದಿಯಲ್ಲಿದ್ದೆ ಎಂದುಬಿಟ್ಟಳು. ಉಳಿದವರು ದೊಡ್ಡಕ್ಕ ಒಬ್ಬರೇ.

ಸ್ಟೇಷನ್ನಿನವರು ಮನೆ ಬಾಗಿಲಿಗೆ ಬಂದರು. ಬೈಯಲಿಲ್ಲ, ಹೊಡೆಯಲಿಲ್ಲ, ಕುರ್ಚಿ ಎಳೆದುಕೊಂಡು ಕೂತು, ಮಗ ಎಲ್ಲಿ ಕೆಲಸ ಮಾಡುತ್ತಾನೆ, ಎಷ್ಟು ಹೊತ್ತಿಗೆ ಮನೆಗೆ ಬರುತ್ತಾನೆ ಎಂದು ವಿಚಾರಿಸಿ ಹೋದರು. "ಇಲ್ಲದ ಉಸಾಬರಿ ನಮಗ್ಯಾಕೆ ಅಂದ್ರು ಮನೆಯವರು. ಪಾಪ, ಅವರಿಗೂ ಭಯ. ಎಷ್ಟೋ ದಿನ ನನ್ನ ಹತ್ರ ಮಾತು ಬಿಟ್ಟಿದ್ರು. ಚಪಾತಿ ಇನ್ನೊಂದು ಹಾಕು ಅನ್ನೋದನ್ನೂ ಮಗನ ಕೈಲಿ ಹೇಳಿಸೋರು." ಗುಡಿಸುವವರಿಗೆ ಕೆಲಸ ಹಂಚುವ ಮೇಸ್ತ್ರಿ ದೊಡ್ಡಕ್ಕನನ್ನು ಮೀನು ಮಾರುಕಟ್ಟೆಯ ಚರಂಡಿ ಕೆಲಸಕ್ಕೆ ಹಾಕಿದ. ಅಲ್ಲಿ ಕಾಲು ಕೊಳೆತು ಹುಣ್ಣಾಯಿತು. ಹೇಳಿಕೆ ಬದಲಿಸಿದರೆ ಹಳೆಯ ಬೀದಿಗೇ ವಾಪಸ್ ಎಂಬ ಮಾತು ಬಂತು. ಅವರು ಬದಲಿಸಲಿಲ್ಲ.

ಕೊನೆಗೆ ಪೇದೆ ತಪ್ಪಿತಸ್ಥ ಎಂದಾಯಿತು. ಕೆಲವು ತಿಂಗಳು ಅಮಾನತು, ಬಳಿಕ ಬೇರೆ ಸ್ಟೇಷನ್ನಿಗೆ ವರ್ಗ. ಈಗ ಮತ್ತೆ ಸಮವಸ್ತ್ರದಲ್ಲಿದ್ದಾನೆ. ದೊಡ್ಡಕ್ಕ ತಮ್ಮ ಬೀದಿಗೆ ಮರಳಿದ್ದಾರೆ. ಜೀಪೂ ಬರುತ್ತಲೇ ಇದೆ. ಕಳೆದ ತಿಂಗಳು ಹುಚ್ಚಿ ಎಂದು ಎಲ್ಲರೂ ಕರೆಯುವ ಹೆಂಗಸಿಗೆ ಏಟು ಬಿತ್ತು. ಅಂದು ದೊಡ್ಡಕ್ಕನಿಗೆ ಜ್ವರ, ರಜೆ ಹಾಕಿದ್ದರು. "ಒಂದು ದಿನ ಮಲಗೋ ಹಾಗಿಲ್ಲ ನೋಡಿ. ಸಾಕಾಗಿ ಹೋಗಿದೆ" ಎನ್ನುತ್ತಾರೆ.

ಚಪ್ಪಲಿ ಹೊಲಿಯುವವನ ಬೆರಳುಗಳು ಈಗ ದಬ್ಬಳ ಹಿಡಿಯುವುದಿಲ್ಲ. ಮೂಲೆಯಲ್ಲಿ ಅವನ ಹೆಂಡತಿ ಹೊಲಿಯುತ್ತಾಳೆ, ಅವನು ಪಕ್ಕದಲ್ಲಿ ಕೂತು ಪಾಲಿಶ್ ಹಚ್ಚುತ್ತಾನೆ. ಹಾಗಾದರೆ ಅಷ್ಟೆಲ್ಲ ಪಡಿಪಾಟಲು ಪಟ್ಟು ಸಿಕ್ಕಿದ್ದೇನು ಎಂದು ಕೇಳುತ್ತೇನೆ. ದೊಡ್ಡಕ್ಕ ಅಂಗಡಿಯ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಾರೆ.

"ವಿಚಾರಣೆ ದಿನ ಅವನಿಗೆ ಕೈಸನ್ನೆ ಮಾಡಿ ಹೇಳೋಕೆ ಒಬ್ರು ಮೇಡಂ ಬಂದಿದ್ರು. ನಾನು ಹೇಳಿದ್ದನ್ನೆಲ್ಲ ಅವನಿಗೆ ಬೆರಳಲ್ಲಿ ಹೇಳ್ತಾ ಇದ್ರು. ಕೂಗಿದೆ ಅನ್ನೋ ಕಡೆ ಬಂದಾಗ ಅವನು ಇನ್ನೊಂದು ಸಲ ಹೇಳಿ ಅಂತ ಸನ್ನೆ ಮಾಡಿದ. ಮೇಡಂ ಹೇಳಿದ್ರು. ಆಮೇಲೆ ತಿರುಗಿ ನನ್ನನ್ನೇ ನೋಡ್ತಾ ಕೂತ. ಪಾಪ, ಅವನಿಗೆ ಹೇಗೆ ಗೊತ್ತಿರುತ್ತೆ ಹೇಳಿ? ಇಡೀ ಬೀದೀಲಿ ಒಂದು ನರಪಿಳ್ಳೆನೂ ತನ್ನ ಪರ ಬಾಯಿ ಬಿಡಲಿಲ್ಲ ಅಂದ್ಕೊಂಡೇ ಇದ್ದ ಅಷ್ಟು ದಿನ. ಅವತ್ತು ಗೊತ್ತಾಯ್ತು."