ಮೂಗಿಗೆ ಬಿಟ್ಟ ಎಣ್ಣೆ

ಕೂಸಿಗೆ ನೀರು ಎರೆಯುವುದರಲ್ಲಿ ಕುಂಬಾರಕೊಪ್ಪಲಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಜಂಬ ಅಂದುಕೊಂಡರೂ ಸರಿಯೇ. ಮೂವತ್ತು ವರ್ಷದಿಂದ ಬಾಣಂತಿಯರ ಬಚ್ಚಲಲ್ಲಿ ಕಾಲು ನೀಡಿ ಕೂತಿದ್ದೇನೆ. ಎಂಥಾ ರಚ್ಚೆ ಹಿಡಿದ ಕೂಸಾದರೂ ನನ್ನ ಕಾಲ ಮೇಲೆ ಮಲಗಿಸಿ ನಾಲ್ಕು ಚೊಂಬು ಬಿಸಿನೀರು ಹುಯ್ದರೆ ತೆಪ್ಪಗಾಗುತ್ತದೆ. ಅದಕ್ಕೂ ಮುಂಚೆ ಮೈಗೆ, ನೆತ್ತಿಗೆ ಹರಳೆಣ್ಣೆ. ಮೂಗಿನ ಹೊಳ್ಳೆಗಳಿಗೆ ಎರಡೆರಡು ತೊಟ್ಟು ಕೊಬ್ಬರಿ ಎಣ್ಣೆ, ಸಿಂಬಳ ಇಳಿದು ಉಸಿರಾಟ ಸಲೀಸಾಗಲಿ ಅಂತ. ಕೊನೆಗೆ ಸಾಂಬ್ರಾಣಿ ಹೊಗೆ. ನಮ್ಮ ಅತ್ತೆ ಹಾಗೆ ಮಾಡುತ್ತಿದ್ದರು, ನಾನೂ ಮಾಡಿದೆ.

ಹೋದ ವರ್ಷ ನನ್ನ ಮಗಳಿಗೇ ಹೆಣ್ಣು ಕೂಸಾಯಿತು. ತಿಂಗಳು ತುಂಬುವ ಮುಂಚೆಯೇ ಹುಟ್ಟಿದ್ದು, ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಇಂಥ ಕೂಸಿಗೆ ಆರೈಕೆ ಜಾಸ್ತಿ ಬೇಕೆಂದು ಎರಡು ತೊಟ್ಟನ್ನು ನಾಲ್ಕು ಮಾಡಿದೆ. ಎರಡನೇ ತಿಂಗಳಲ್ಲಿ ಅದಕ್ಕೆ ಜ್ವರ ಬಂತು. ಉಸಿರು ಜೋರಾಗಿ, ಪಕ್ಕೆ ಒಳಗೆ ಸೆಳೆದುಕೊಳ್ಳತೊಡಗಿತು.

"ಶೀತ ಕಣಮ್ಮ. ಗಾಳೀಲಿ ಎತ್ಕೊಂಡು ಹೋಗ್ಬುಟ್ಟೆ ನೀನು" ಎಂದು ಮಗಳನ್ನು ಗದರಿದೆ. ಅವಳಿಗೆ ಮೊಸರು ನಿಲ್ಲಿಸಿದೆ, ಕಿಟಕಿ ಮುಚ್ಚಿಸಿದೆ, ಇನ್ನಷ್ಟು ಸಾಂಬ್ರಾಣಿ ಹಾಕಿದೆ. ಹೀಗೆ ಎರಡು ದಿನ ಹಾಳು ಮಾಡಿದವಳು ನಾನು. ಕೂಸು ಹಾಲು ಕುಡಿಯುವುದನ್ನೂ ಬಿಟ್ಟ ಮೇಲೆ ಆಟೋ ಹತ್ತಿ ಆಸ್ಪತ್ರೆಗೆ ಓಡಿದೆವು.

ನ್ಯುಮೋನಿಯಾ ಅಂದರು. ಆಕ್ಸಿಜನ್ ಹಾಕಿ ಇಂಜೆಕ್ಷನ್ ಶುರು ಮಾಡಿದರು. ಐದು ದಿನವಾದರೂ ಗುಣ ಕಾಣಲಿಲ್ಲ. ಆರನೇ ದಿನ ಬೆಳಿಗ್ಗೆ ಡಾಕ್ಟರಮ್ಮ, ನನ್ನ ಮಗಳ ವಯಸ್ಸಿನವರು, ನಮ್ಮ ಪಕ್ಕ ಬಂದು ಕೂತರು.

"ನ್ಯುಮೋನಿಯಾ ಅಂದ್ರೆ ಒಂದೇ ಥರ ಇರಲ್ಲ ಅಮ್ಮ. ವೈರಸ್ಸಿಂದ ಬರುತ್ತೆ, ಬ್ಯಾಕ್ಟೀರಿಯಾದಿಂದ ಬರುತ್ತೆ. ಹಾಲೋ ಎಣ್ಣೆನೋ ಶ್ವಾಸಕೋಶಕ್ಕೆ ಇಳಿದ್ರೂ ಬರುತ್ತೆ. ನೀರು ಇಳಿದ್ರೆ ಮಗು ಕೆಮ್ಮುತ್ತೆ, ಎಣ್ಣೆ ಸದ್ದಿಲ್ಲದೆ ಇಳಿದುಬಿಡುತ್ತೆ. ತಿಂಗಳು ತುಂಬದ ಮಕ್ಕಳಿಗೆ ಅಪಾಯ ಜಾಸ್ತಿ, ಮನೇಲಿ ಹೊಗೆ ಇದ್ರೆ ಇನ್ನೂ ಜಾಸ್ತಿ. ಇನ್ನೊಂದ್ಸಲ ಕೇಳ್ತೀನಿ, ಮೂಗಿಗೆ ಎಣ್ಣೆ ಹಾಕ್ತೀರಾ?"

"ಇಲ್ಲ ಡಾಕ್ಟ್ರೇ" ಅಂದಳು ಮಗಳು. ಸೇರಿಸಿದ ದಿನವೂ ಅವಳು ಹಾಗೇ ಹೇಳಿದ್ದಳು.

ಹೇಳಿದರೆ ನಾಳೆ ಯಾವ ಮನೆಯವರು ನನ್ನ ಕೈಗೆ ಕೂಸು ಕೊಡುತ್ತಾರೆ? ಗಾಜಿನಾಚೆ ಆ ಪುಟ್ಟ ಎದೆ ದಡಬಡನೆ ಏರಿಳಿಯುತ್ತಿತ್ತು.

"ಹಾಕ್ತೀನಿ. ನಾನೇ. ದಿನಾ" ಅಂದೆ. ಎಷ್ಟು ಜೋರಾಗಿ ಅಂದೆನೆಂದರೆ ಆಚೆ ಬೆಂಚಿನವರೂ ತಿರುಗಿ ನೋಡಿದರು. ಯಾವ ಎಣ್ಣೆ, ಎಷ್ಟು ತೊಟ್ಟು, ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಬರೆದುಕೊಂಡು, "ಹೇಳಿದ್ದು ಒಳ್ಳೇದಾಯ್ತಮ್ಮ, ಈಗ ಹುಡುಕೋಕೆ ದಾರಿ ಸಿಕ್ತು" ಎಂದು ಎದ್ದು ಹೋದರು.

ಅವರು ಅತ್ತ ಹೋದದ್ದೇ ತಡ, ಮಗಳ ಮೇಲೆ ರೇಗಿದೆ. "ಯಾಕೆ ಸುಳ್ಳು ಹೇಳ್ದೆ?"

ಅವಳು ಅಳುತ್ತಲೇ ಹೇಳಿದಳು: "ನೀನೇ ಅಲ್ವೇನಮ್ಮ ಹೇಳ್ಕೊಡೋದು? ಡಾಕ್ಟ್ರು ಕೇಳಿದ್ರೆ ಇಲ್ಲ ಅಂದ್ಬುಡಿ, ಸುಮ್ನೆ ಬೈತಾರೆ ಅಂತ ಎಲ್ಲಾ ಬಾಣಂತೀರ್ಗೂ ಹೇಳ್ತೀಯಲ್ಲ."

ನಿಜ. ಪ್ರತಿ ಮನೆಯಲ್ಲೂ ನಗುನಗುತ್ತಾ ಹೇಳಿಕೊಟ್ಟಿದ್ದೆ.

ಪರೀಕ್ಷೆಯಲ್ಲಿ ಕೂಸಿನ ಎದೆಯೊಳಗೆ ಎಣ್ಣೆ ಸಿಕ್ಕಿತು. ಚಿಕಿತ್ಸೆ ಬದಲಾಯಿತು. ಮೂರು ವಾರಕ್ಕೆ ಮನೆಗೆ ಬಂದಳು ನನ್ನ ಮೊಮ್ಮಗಳು, ಈಗ ಮನೆಯೆಲ್ಲ ಓಡಾಡಿ ನನ್ನನ್ನು ಗೋಳು ಹುಯ್ದುಕೊಳ್ಳುತ್ತಾಳೆ. ಅವಳು ಆಸ್ಪತ್ರೆಯಲ್ಲಿದ್ದಾಗಲೇ, ನಾನು ಎರೆಯುತ್ತಿದ್ದ ಮೂರು ಮನೆಗಳಿಗೂ ಹೋಗಿ ನಡೆದದ್ದು ಹೇಳಿದೆ. ಒಂದು ಮನೆಯ ಅತ್ತೆ ನನ್ನನ್ನು ಬಿಟ್ಟು ಬೇರೆಯವರನ್ನು ಕರೆಸಿದರು, ಕರೆಸಲಿ. ಈಗಲೂ ಎರೆಯುತ್ತೇನೆ. ಮೂಗಿಗೆ ಎಣ್ಣೆಯಿಲ್ಲ, ಹೊಗೆಯಿಲ್ಲ, ಕೈ ಮಾತ್ರ ಅದೇ ಕೈ.

ಆದರೆ ಹಿಂದೆ ನಾನು ಎರೆದ ಹಳೆಯ ಮನೆಗಳಿವೆ. ಅಲ್ಲೂ ಕೆಲವು ಕೂಸುಗಳು ಎದೆ ಕಟ್ಟಿಕೊಂಡು ಆಸ್ಪತ್ರೆ ಸೇರಿದ್ದವು. ಎಲ್ಲವೂ ವಾಪಸ್ಸು ಬರಲಿಲ್ಲ. ಆ ತಾಯಂದಿರನ್ನೂ ಡಾಕ್ಟರು ಕೇಳಿರುತ್ತಾರೆ, ಅವರೂ ಇಲ್ಲ ಅಂದಿರುತ್ತಾರೆ. ನನ್ನ ಮಾತನ್ನು ಅವರು ಯಾರೂ ಮೀರುತ್ತಿರಲಿಲ್ಲ.